ಕಣಗಿನಹಾಳದ ಸೊಸೈಟಿ: ಒಂದು ಊರು, ಒಂದು ಸಂಘ, 120 ವರ್ಷ

ಗದಗ ತಾಲ್ಲೂಕಿನ ಕಣಗಿನಹಾಳ ಸಣ್ಣ ಊರು. ಎರೆಹೊಲಗಳ ನಡುವೆ ಮಳೆಯನ್ನು ನಂಬಿ ಜೋಳ, ಹತ್ತಿ, ಕಡಲೆ, ಕುಸುಬೆ ಬೆಳೆಯುವ ಬಯಲುಸೀಮೆಯ ನೂರಾರು ಹಳ್ಳಿಗಳಲ್ಲಿ ಅದೂ ಒಂದು. ಆದರೂ ಭಾರತದ ಸಹಕಾರ ಚಳವಳಿಯ ಚರಿತ್ರೆ ಬರೆಯಲು ಕುಳಿತವರು ಈ ಹೆಸರನ್ನು ಬಿಟ್ಟು ಮುಂದೆ ಹೋಗಲಾರರು. 1905ರಲ್ಲಿ ಇಲ್ಲಿ ಹುಟ್ಟಿದ ಸಂಘವನ್ನು ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಸಹಕಾರ ಕ್ಷೇತ್ರ ಗೌರವಿಸುತ್ತ ಬಂದಿದೆ. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು (1843–1933). 2025ಕ್ಕೆ ಆ ಸ್ಥಾಪನೆಗೆ 120 ವರ್ಷ ತುಂಬಿತು. ವಿಶ್ವಸಂಸ್ಥೆ ಅದೇ ವರ್ಷವನ್ನು ಅಂತಾರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿದ್ದು ಕೂಡಿಬಂದ ಸಂಗತಿ.

ಸಹಕಾರ ಸಂಘದ ಚರಿತ್ರೆಯನ್ನು ಪಾಲು ಬಂಡವಾಳದ ಅಂಕಿಯಿಂದ ಹೇಳಬಹುದು, ಅಧ್ಯಕ್ಷರ ಪಟ್ಟಿಯಿಂದಲೂ ಹೇಳಬಹುದು. ಈ ಲೇಖನ ಒಂದು ಪ್ರಶ್ನೆಯನ್ನು ಹಿಡಿದು ನಡೆಯುತ್ತದೆ: ರೈತನ ಸಾಲಕ್ಕೆ ಜಾಮೀನು ಯಾರು? 1905ರಲ್ಲಿ ಈ ಪ್ರಶ್ನೆಗೆ ಊರಿನವರು ‘ನಾವೇ’ ಎಂದರು. ಆ ಉತ್ತರದ ಬೆಲೆ ಏನು, ಕಾಲಕಾಲಕ್ಕೆ ಅದು ಹೇಗೆ ಬದಲಾಯಿತು ಎಂಬುದೇ ಈ ಊರಿನ, ಈ ಸಂಘದ, ಅದರಿಂದ ಬೆಳೆದ ಚಳವಳಿಯ ಕಥೆ.

ಹತ್ತಿ, ಬರ, ಬಡ್ಡಿ (1860–1900)

ಇಂದಿನ ಗದಗ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಬ್ರಿಟಿಷರ ಕಾಲದಲ್ಲಿ ಈ ಸೀಮೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯ ಭಾಗ. ಇಲ್ಲಿನ ಎರೆಭೂಮಿಗೆ ಹತ್ತಿ ಎಂದರೆ ಪ್ರಾಣ. ಬಂಡಿ ತುಂಬಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರಾಗಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತು, ನಮ್ಮ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಬೆಲೆ ಏರಿದಾಗ ಧೈರ್ಯದಿಂದ ಮಾಡಿದ ಸಾಲ ಬೆಲೆ ಇಳಿದರೂ ಇಳಿಯಲಿಲ್ಲ.

ಇದರ ಮೇಲೆ 1876ರಿಂದ 78ರ ಮಹಾಕ್ಷಾಮ ಬಂತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ತತ್ತರಿಸಿದವು. ಶತಮಾನದ ಕೊನೆಗೆ 1896–97ರಲ್ಲಿ ಮತ್ತೊಮ್ಮೆ, 1899–1900ರಲ್ಲಿ ಮಗದೊಮ್ಮೆ ಬರ ಬಿತ್ತು. ಬಿತ್ತನೆಗೆ ಬೀಜವಿಲ್ಲ, ಎತ್ತು ಸತ್ತರೆ ಇನ್ನೊಂದು ಕೊಳ್ಳಲು ರೊಕ್ಕವಿಲ್ಲ ಎಂಬ ಸ್ಥಿತಿಯಲ್ಲಿ ರೈತನಿಗೆ ಉಳಿದದ್ದು ಸಾಹುಕಾರನ ಅಂಗಡಿಯ ಕಟ್ಟೆ.

ಆ ಕಟ್ಟೆಯ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳೆಯ ರೂಪಾಯಿಗೆ 64 ಪೈಸೆ. ‘ರೂಪಾಯಿಗೆ ತಿಂಗಳಿಗೆ ಒಂದು ಪೈಸೆ’ ಎಂದರೆ ಕಿವಿಗೆ ಹಗುರ. ವರ್ಷಕ್ಕೆ ಕೂಡಿದರೆ ನೂರಕ್ಕೆ 18 ರೂಪಾಯಿ 12 ಆಣೆ. ಎರಡು ಪೈಸೆ ಎಂದರೆ ಮೂವತ್ತೇಳೂವರೆ ರೂಪಾಯಿ. ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಂಡರೆ, ಅಕ್ಷರ ಬಾರದ ರೈತ ಹೆಬ್ಬೆಟ್ಟು ಒತ್ತಿ ಎದ್ದು ಬರುವಷ್ಟರಲ್ಲಿ ಸಾಲ ಬೆಳೆದಿರುತ್ತಿತ್ತು. ಸುಗ್ಗಿ ಬಂದಾಗ ಹತ್ತಿ ನೇರ ಸಾಹುಕಾರನ ವಖಾರಿಗೆ ಹೋಗುತ್ತಿತ್ತು. ಅದಕ್ಕೆ ದರ ಕಟ್ಟುವವನೂ ಅವನೇ. ಹಾಗೆಂದು ಸಾಹುಕಾರರೆಲ್ಲ ಕೇಡಿಗರೆಂದು ಬರೆಯುವುದು ನ್ಯಾಯವಲ್ಲ. ಬರದ ನಡುರಾತ್ರಿ ಬಾಗಿಲು ತಟ್ಟಿದರೆ ತೆರೆಯುತ್ತಿದ್ದದ್ದು ಅವರ ಬಾಗಿಲೊಂದೇ. ಬೇರೆ ಬಾಗಿಲು ಇರಲಿಲ್ಲ ಎಂಬುದೇ ಊರಿನ ಕಷ್ಟವಾಗಿತ್ತು.

ಕಾಯ್ದೆಗೆ ಮುನ್ನ (1875–1904)

1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಸರಕಾರ ಎಚ್ಚೆತ್ತು 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆಯನ್ನು, 1883 ಮತ್ತು 1884ರಲ್ಲಿ ರೈತರಿಗೆ ಸರಕಾರವೇ ಕೊಡುವ ತಕಾವಿ ಸಾಲದ ಕಾಯ್ದೆಗಳನ್ನು ತಂದಿತು. ಆದರೆ ತಕಾವಿ ಬೇಕೆಂದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ರೊಕ್ಕ ಕೈಗೆ ಬರುವ ಹೊತ್ತಿಗೆ ಬಿತ್ತುವ ಹದ ಕಳೆದಿರುತ್ತಿತ್ತು.

ದಾರಿ ತೋರಿಸಿದ್ದು ಜರ್ಮನಿಯ ಹಳ್ಳಿಗಾಡು. ಅಲ್ಲಿ ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸೆನ್ ಎಂಬ ಊರ ಮುಖ್ಯಸ್ಥ 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ರೈತರ ಸಾಲ ಸಂಘ ಕಟ್ಟಿದ್ದ. ಮದರಾಸು ಸರಕಾರ ಫ್ರೆಡ್ರಿಕ್ ನಿಕೊಲ್ಸನ್ ಎಂಬ ಅಧಿಕಾರಿಯನ್ನು ಇದರ ಅಧ್ಯಯನಕ್ಕೆ ನೇಮಿಸಿತು. 1895 ಮತ್ತು 1897ರಲ್ಲಿ ಬಂದ ಅವರ ಎರಡು ಸಂಪುಟಗಳ ವರದಿಯ ಸಾರ ಇಷ್ಟೆ: ಹಳ್ಳಿಯ ಸಾಲಕ್ಕೆ ಹಳ್ಳಿಯೊಳಗಿನಿಂದಲೇ ಒಬ್ಬ ರೈಫೈಸೆನ್ ಹುಟ್ಟಿ ಬರಬೇಕು. ಇಂಥ ಸಂಘಗಳ ವಿಚಾರಕ್ಕೆಂದೇ 1901ರಲ್ಲಿ ಎಡ್ವರ್ಡ್ ಲಾ ಸಮಿತಿ ಕೂತಿತು. 1904ರ ಮಾರ್ಚ್ 25ರಂದು, ಕರ್ಜನ್ ವೈಸ್‌ರಾಯ್ ಆಗಿದ್ದಾಗ, ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಅಂಗೀಕಾರವಾಯಿತು.

ಕಾಯ್ದೆ ಸರಳವಾಗಿತ್ತು. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ. ಸಾಲ ಸದಸ್ಯರಿಗೆ ಮಾತ್ರ. ಗ್ರಾಮೀಣ ಸಂಘದ ಲಾಭವನ್ನು ಹಂಚಿಕೊಳ್ಳುವಂತಿಲ್ಲ, ಕಾಯ್ದಿಟ್ಟ ನಿಧಿಗೆ ಹಾಕಬೇಕು. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ. ಎಲ್ಲಕ್ಕಿಂತ ಭಾರವಾದದ್ದು ಅಪರಿಮಿತ ಹೊಣೆಯ ಕಲಮು. ಸಂಘ ಮಾಡಿದ ಸಾಲ ತೀರದೆ ಉಳಿದರೆ ಪ್ರತಿ ಸದಸ್ಯನೂ ತನ್ನ ಇಡೀ ಆಸ್ತಿಯ ಮಟ್ಟಿಗೆ ಹೊಣೆ. ನೆರೆಯವನು ಎತ್ತು ಕೊಳ್ಳಲೆಂದು ಪಡೆದ ಸಾಲ ಮದುವೆಯ ಊಟಕ್ಕೆ ಹೋದರೆ ನನ್ನ ಹೊಲಕ್ಕೂ ಕುತ್ತು.

ಸ್ಥಾಪನೆ (1905)

ಕಾಯ್ದೆ ಬಂದ ಮರುವರ್ಷವೇ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ಸಿದ್ದನಗೌಡ ಪಾಟೀಲರಿಗೆ ಆಗಲೇ ಅರವತ್ತು ದಾಟಿತ್ತು. ಹತ್ತಿಯ ಏರಿಳಿತವನ್ನೂ ಬರಗಳ ಸಾಲನ್ನೂ ಕಣ್ಣಾರೆ ಕಂಡ ತಲೆಮಾರು ಅವರದು. ಆ ವಯಸ್ಸಿನಲ್ಲಿ, ಊರಿಗೆ ಊರೇ ಅರಿಯದ ಒಂದು ಹೊಸ ಕಾಯ್ದೆಯನ್ನು ನಂಬಿ ಜನರನ್ನು ಒಟ್ಟುಗೂಡಿಸಿದ್ದು ಸಣ್ಣ ಕೆಲಸವಲ್ಲ. ಇಂಥ ಕಾಯ್ದೆಯ ಮೊದಲ ಫಲ ಮುಂಬೈ, ಪುಣೆಯಂಥ ಓದುಬರಹದ ನಗರಗಳಲ್ಲಿ ಕಾಣಬೇಕಿತ್ತು. ಅದು ಕಂಡದ್ದು ಗದುಗಿನ ಪಕ್ಕದ ಹಳ್ಳಿಯಲ್ಲಿ.

ಅಪರಿಮಿತ ಹೊಣೆಗೆ ಒಪ್ಪಿ ಸಹಿ ಹಾಕುವುದೆಂದರೆ ಏನೆಂದು ಇಂದು ಊಹಿಸುವುದು ಕಷ್ಟ. ಯಾರ ಹೊಲದ ತೇವ ಎಷ್ಟು, ಯಾರ ಮನೆಯಲ್ಲಿ ದುಡಿಯುವ ಕೈ ಎಷ್ಟು, ಯಾರು ಇಸಿದುಕೊಂಡದ್ದನ್ನು ಹಿಂದಿರುಗಿಸುವ ಮನುಷ್ಯ, ಯಾರು ಮಾತು ತಪ್ಪುವವನು ಎಂಬುದು ಊರಿಗೆ ಗೊತ್ತಿರುತ್ತದೆ. ದೊಡ್ಡ ಬ್ಯಾಂಕು ಎಷ್ಟು ಕಾಗದ ಕೇಳಿದರೂ ತಿಳಿಯದ ಈ ಸಂಗತಿಗಳನ್ನು ಚಾವಡಿಯಲ್ಲಿ ಕುಳಿತ ಹತ್ತು ಜನ ಅರ್ಧ ಗಳಿಗೆಯಲ್ಲಿ ಹೇಳಬಲ್ಲರು. ಈ ಬಾಯಿಮಾತಿನ ತಿಳಿವಳಿಕೆಯನ್ನೇ ಕಾಯ್ದೆ ಬಂಡವಾಳವನ್ನಾಗಿ ಮಾಡಿತು.

ಬಡ್ಡಿಯ ದರದಲ್ಲಿ ಆದ ವ್ಯತ್ಯಾಸ ನೋಡಿ. ಆ ಕಾಲದಲ್ಲಿ ಮುಂಬೈ ಪ್ರಾಂತ್ಯದ ಗ್ರಾಮೀಣ ಸಂಘಗಳಲ್ಲಿ ರೂಢಿಯಾದ ದರ ರೂಪಾಯಿಗೆ ತಿಂಗಳಿಗೆ ಒಂದೂವರೆ ಪೈ. ರೂಪಾಯಿಗೆ 192 ಪೈ. ವರ್ಷಕ್ಕೆ ನೂರಕ್ಕೆ 9 ರೂಪಾಯಿ 6 ಆಣೆ. ಒಂದು ಪೈಸೆ ದರದ ಸಾಹುಕಾರಿ ಸಾಲಕ್ಕೆ ಹೋಲಿಸಿದರೆ ನೇರ ಅರ್ಧ. ಈ ಉಳಿಕೆ ಯಾರ ದಾನವೂ ಅಲ್ಲ. ನೆರೆಹೊರೆಯವರು ಪರಸ್ಪರ ಜಾಮೀನು ನಿಂತದ್ದರಿಂದ ದೊರೆತ ಫಲ.

ಊರಿನಿಂದ ಸೀಮೆಗೆ (1912–1947)

1904ರ ಕಾಯ್ದೆ ಸಾಲಕ್ಕೆ ಮಾತ್ರ ಸೀಮಿತವಾಗಿತ್ತು. 1912ರ ಎರಡನೆಯ ಕಾಯ್ದೆ ಮಾರಾಟ, ಖರೀದಿ, ಉತ್ಪಾದನೆಗೂ ಸಂಘ ಕಟ್ಟಲು ಅವಕಾಶ ಕೊಟ್ಟಿತು; ಸಂಘಗಳಿಗೆ ಹಣ ಒದಗಿಸುವ ಕೇಂದ್ರ ಬ್ಯಾಂಕುಗಳಿಗೂ ದಾರಿ ತೆರೆಯಿತು. ಇದರ ಫಲ ಧಾರವಾಡ ಸೀಮೆಯಲ್ಲಿ ಬೇಗನೆ ಕಂಡಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ, 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟ ಸಹಕಾರ ಸಂಘಗಳು ಹುಟ್ಟಿದವು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಕೋ-ಆಪರೇಟಿವ್ ಬ್ಯಾಂಕು ಆರಂಭವಾಯಿತು. ಜನರ ಬಾಯಲ್ಲಿ ಅದು ಇಂದಿಗೂ ಕೆಸಿಸಿ ಬ್ಯಾಂಕು.

ಸಾಲ ಸಂಘ, ಮಾರಾಟ ಸಂಘ, ಕೇಂದ್ರ ಬ್ಯಾಂಕು ಈ ಮೂರೂ ಜೊತೆಗೂಡಿದಾಗ ರೈತನ ವರ್ಷದ ಲೆಕ್ಕವೇ ಬದಲಾಗುತ್ತದೆ. ಬಿತ್ತನೆಗೆ ಊರ ಸಂಘದ ಸಾಲ, ಬಿಡಿಸಿದ ಹತ್ತಿಗೆ ಮಾರಾಟ ಸಂಘದಲ್ಲಿ ಬಹಿರಂಗ ಸವಾಲು, ಬಂದ ಹಣದಿಂದ ಸಾಲ ಚುಕ್ತಾ. ಸಾಲ ಕೊಟ್ಟವನೇ ತೂಗುವವನೂ ಕೊಳ್ಳುವವನೂ ಆಗಿದ್ದ ಹಳೆಯ ಗಂಟು ಇಲ್ಲಿ ಬಿಚ್ಚಿಕೊಂಡಿತು. ಧಾರವಾಡ-ಅಮೆರಿಕನ್ ತಳಿಯಿಂದ ಆಯ್ದು ರೂಪಿಸಿದ ‘ಗದಗ-1’ರಂಥ ಸುಧಾರಿತ ಹತ್ತಿಗೆ ಬೆರಕೆಯಿಲ್ಲದ ಸರಕೆಂದು ಒಳ್ಳೆಯ ದರ ಸಿಗಬೇಕಾದರೆ ಇಂಥ ಮಾರಾಟ ವ್ಯವಸ್ಥೆ ಬೇಕೇ ಬೇಕಿತ್ತು.

1925ರಲ್ಲಿ ಮುಂಬೈ ಪ್ರಾಂತ್ಯ ತನ್ನದೇ ಸಹಕಾರ ಕಾಯ್ದೆ ಮಾಡಿಕೊಂಡಿತು. 1929ರ ನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ಹತ್ತಿಯ ಬೆಲೆ ನೆಲಕಚ್ಚಿದಾಗ ಪ್ರಾಂತ್ಯದ ಸಂಘಗಳಲ್ಲಿ ಸುಸ್ತಿ ಏರಿತು, ಎಷ್ಟೋ ಸಂಘಗಳು ಮುಚ್ಚಿದವು. ಅಪರಿಮಿತ ಹೊಣೆ ಎಂಬ ಮಾತಿಗೆ ಜನ ಅಂಜತೊಡಗಿದ್ದೂ ಆಗಲೇ. ಸಿದ್ದನಗೌಡರು 1933ರಲ್ಲಿ ತೀರಿಕೊಂಡರು. ಚಳವಳಿಯ ಏರನ್ನು ಕಂಡಂತೆ ಅದರ ಮೊದಲ ಬಿಕ್ಕಟ್ಟನ್ನೂ ಅವರು ಕಂಡಿದ್ದರು.

ಸರಕಾರ ಪಾಲುದಾರನಾದಾಗ (1951–1969)

ಸ್ವಾತಂತ್ರ್ಯದ ನಂತರ ಎ.ಡಿ. ಗೋರ್ವಾಲಾ ಸಮಿತಿಯ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆಯಿತು. 1954ರ ವರದಿಯ ಅಂಕಿಗಳು ಕಣ್ಣು ತೆರೆಸಿದವು. 1951–52ರಲ್ಲಿ ದೇಶದ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3.1. ಸಾಹುಕಾರರ ಪಾಲು ಸುಮಾರು ಶೇ. 70. ಅರ್ಧ ಶತಮಾನದ ದುಡಿಮೆಗೆ ಇಷ್ಟೇ ಫಲವೇ ಎಂದು ಯಾರಾದರೂ ಕೇಳಬಹುದಿತ್ತು. ಸಮಿತಿ ಕೈಚೆಲ್ಲಲಿಲ್ಲ, ಸಹಕಾರ ಸೋತಿದ್ದರೂ ಗೆಲ್ಲಲೇಬೇಕು, ಸರಕಾರ ಪಾಲು ಬಂಡವಾಳ ಹಾಕಿ ಜೊತೆ ನಿಲ್ಲಬೇಕು ಎಂದಿತು.

ಅಲ್ಲಿಂದ ಮುಂದೆ ಸಂಘಗಳ ರೂಪ ಬದಲಾಯಿತು. ಅಪರಿಮಿತ ಹೊಣೆಯ ಜಾಗದಲ್ಲಿ ಪರಿಮಿತ ಹೊಣೆ ಬಂತು. ಸಂಘ ಎಷ್ಟು ದೊಡ್ಡದಿರಬೇಕು ಎಂಬ ಬಗ್ಗೆ ದೇಶಮಟ್ಟದಲ್ಲಿ ಹಿರಿಯರ ನಡುವೆ ಭಿನ್ನಾಭಿಪ್ರಾಯವೂ ಬಂತು. ಗೋರ್ವಾಲಾ ಸಮಿತಿಯವರು, ಹಲವು ಊರು ಸೇರಿದ ದೊಡ್ಡ ಸಂಘವಾದರೆ ಸಂಬಳದ ಕಾರ್ಯದರ್ಶಿಯನ್ನು ಇಡಬಹುದು ಎಂದರು. 1960ರ ವೈಕುಂಠಲಾಲ್ ಮೆಹ್ತಾ ಸಮಿತಿಯವರು, ಒಬ್ಬರನ್ನೊಬ್ಬರು ಬಲ್ಲವರ ಸಣ್ಣ ಸಂಘವೇ ಲೇಸು ಎಂದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಕಾಲ ಮಾತ್ರ ದೊಡ್ಡದರ ಕಡೆಗೆ ವಾಲಿತು.

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1959ರಲ್ಲಿ ರಾಜ್ಯದ ಹೊಸ ಸಹಕಾರ ಸಂಘಗಳ ಕಾಯ್ದೆ ಬಂತು. ಹಳೆಯ ಪತ್ತಿನ ಸಂಘಗಳು ವ್ಯವಸಾಯ ಸೇವಾ ಸಹಕಾರ ಸಂಘಗಳಾಗಿ ಬೀಜ, ಗೊಬ್ಬರ, ಪಡಿತರದ ಕೆಲಸವನ್ನೂ ಹೊತ್ತುಕೊಂಡವು. ಗದಗ ಸೀಮೆಯಲ್ಲಿ ಸಹಕಾರದ ಹುರುಪು ಕುಂದಲಿಲ್ಲ. ಪಕ್ಕದ ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲರ ನೇತೃತ್ವದಲ್ಲಿ ರೈತರ ಸಹಕಾರಿ ನೂಲಿನ ಗಿರಣಿ ಎದ್ದದ್ದು ಇದೇ ಪರಂಪರೆಯ ಮುಂದುವರಿಕೆ.

ಚಾವಡಿಯಿಂದ ಗೋದಾಮಿಗೆ

ಸ್ಮರಣ ಸಂಚಿಕೆಗಳಲ್ಲಿ ಕಟ್ಟಡದ ಮಾತು ಬಾರದೆ ಇರದು. ಆರಂಭದ ಗ್ರಾಮೀಣ ಸಂಘಗಳಿಗೆ ಕಟ್ಟಡವೆಂಬುದೇ ಇರಲಿಲ್ಲ. ಊರ ಚಾವಡಿ, ಗುಡಿಯ ಪೌಳಿ, ಹಿರಿಯರೊಬ್ಬರ ಮನೆಯ ಪಡಸಾಲೆಯೇ ಕಚೇರಿ. ಲೆಕ್ಕದ ಪುಸ್ತಕ, ಬೀಗ ಹಾಕಿದ ಪೆಟ್ಟಿಗೆ, ಶಾಯಿ ದೌತಿ ಇವೇ ಆಸ್ತಿ. ಐವತ್ತು, ಅರವತ್ತರ ದಶಕಗಳಲ್ಲಿ ಸರಕಾರದ ನೆರವಿನ ಗೋದಾಮುಗಳು ಬಂದವು.

ಇಂದು ನಮ್ಮ ಸೀಮೆಯ ಯಾವ ಸೊಸೈಟಿಗೆ ಹೋದರೂ ಚಿತ್ರ ಒಂದೇ. ಮುಂದೆ ಒಂದು ಕೋಣೆಯ ಕಚೇರಿ, ಹಿಂದೆ ಎತ್ತರದ ಗೋದಾಮು. ಮೃಗಶಿರಾ ಮಳೆಗೆ ಬಾಗಿಲ ಮುಂದೆ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು. ಒಳಗೆ ಯೂರಿಯಾ, ಡಿಎಪಿ ಚೀಲಗಳ ಗಟ್ಟಿ ವಾಸನೆ. ಕೈಯಲ್ಲಿ ಉತಾರ, ಆಧಾರ್ ನಕಲು ಹಿಡಿದು ನಿಂತ ರೈತರು. ಗೋಡೆಯ ಮೇಲೆ ಸುಸ್ತಿದಾರರ ಪಟ್ಟಿ. ಹೆಸರು, ಕಡಲೆ ಬಂದ ಹಂಗಾಮಿನಲ್ಲಿ ಇದೇ ಅಂಗಳ ಬೆಂಬಲ ಬೆಲೆಯ ಖರೀದಿ ಕೇಂದ್ರವಾಗುತ್ತದೆ.

ಏರು, ಇಳಿವು, ತಿದ್ದುಪಡಿ (1969–2011)

1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1975ರಿಂದ ಗ್ರಾಮೀಣ ಬ್ಯಾಂಕುಗಳು ಬಂದವು, 1982ರಲ್ಲಿ ನಬಾರ್ಡ್ ಸ್ಥಾಪನೆಯಾಯಿತು. ರೈತನಿಗೆ ತಟ್ಟಬಹುದಾದ ಬಾಗಿಲುಗಳು ಹೆಚ್ಚಿದವು. 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಬಂತು. ಸಂಘಕ್ಕೆ ಬರುವ ಹಣ ಹೆಚ್ಚಿತು. ಅದು ಮೇಲಿನಿಂದ ಇಳಿದುಬರುವ ಹಣ. ಸದಸ್ಯರ ಠೇವಣಿಯ ಮೇಲೆ ನಿಂತ ಸಂಘಗಳು ಮೇಲಿನ ಸಾಲದ ಮೇಲೆ ನಿಲ್ಲತೊಡಗಿದವು.

ತಂದಿಟ್ಟ ಹಣ ತನ್ನದಲ್ಲವೆಂದಾದಾಗ ಕಾವಲೂ ಸಡಿಲವಾಗುತ್ತದೆ. ವರ್ಷಾಂತ್ಯದಲ್ಲಿ ಯಾರಿಂದಲೋ ಕೈಗಡ ತಂದು ಹಳೆಯ ಸಾಲ ಕಟ್ಟಿ, ವಾರದೊಳಗೆ ಹೊಸ ಸಾಲ ಎತ್ತಿ ಕೈಗಡ ತೀರಿಸುವ ರೂಢಿ ಎಲ್ಲ ಕಡೆ ಬೆಳೆಯಿತು. ಪುಸ್ತಕದಲ್ಲಿ ವಸೂಲಾತಿ ನಿಚ್ಚಳ, ಮನೆಯಲ್ಲಿ ಸಾಲ ಇದ್ದಂತೆ ಇತ್ತು. 1990, 2008ರ, ಮುಂದೆ 2018ರ ಸಾಲಮನ್ನಾಗಳು ಬರದಲ್ಲಿ ಬೆಂದ ಕುಟುಂಬಗಳಿಗೆ ನಿಜವಾದ ಆಸರೆಯಾದವು. ನಿಯತ್ತಿನಿಂದ ಕಟ್ಟಿದವರಿಗೆ ಮಾತ್ರ ನಾವೇಕೆ ಕಟ್ಟಿದೆವು ಎಂಬ ಪ್ರಶ್ನೆ ಉಳಿಯಿತು. ಚುನಾವಣೆಯ ಪೈಪೋಟಿ, ಬಣಗಳ ಮಾತುಕತೆ ಯಾವ ಸಂಘಕ್ಕೂ ಹೊಸತಲ್ಲ. ಆದರೆ ಮಹಾಸಭೆಯಲ್ಲಿ ದನಿ ಏರಿಸಿದವರೇ ಮರುದಿನ ಒಂದೇ ಕೂರಿಗೆಯನ್ನು ಹಂಚಿಕೊಂಡು ಬಿತ್ತಿದ್ದುಂಟು. ಊರು ಒಡೆಯದೆ ಸಂಘ ಉಳಿದದ್ದು ಇದರಿಂದ.

ಸಹಕಾರದ ಗುರಿ ಸಾಲವನ್ನು ದಾಟಿ ಹಿಗ್ಗಿದ್ದೂ ಈ ಅವಧಿಯಲ್ಲೇ. 2003ರಲ್ಲಿ ರಾಜ್ಯದ ಸಹಕಾರಿಗಳಿಗಾಗಿ ಯಶಸ್ವಿನಿ ಆರೋಗ್ಯ ಯೋಜನೆ ಜಾರಿಯಾದಾಗ ಸದಸ್ಯರು ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ವಂತಿಗೆ ಕೊಟ್ಟು ಶಸ್ತ್ರಚಿಕಿತ್ಸೆಯ ಭದ್ರತೆ ಪಡೆದರು. ಸೊಸೈಟಿಯ ಚೀಟಿಯಿಂದ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆಯಬಹುದೆಂದು ಹಳ್ಳಿಗರಿಗೆ ತಿಳಿದದ್ದು ಆಗಲೇ.

ಹಳೆಯ ಸಂಘಗಳು ಹೊಲವಿದ್ದವರ ಸಂಘಗಳಾಗಿದ್ದವು ಎಂಬುದನ್ನೂ ಹೇಳಬೇಕು. ಜಾಮೀನಿಗೆ ಆಸ್ತಿ ಬೇಕಿದ್ದಾಗ ಕೂಲಿಯವರು, ಹೆಣ್ಣುಮಕ್ಕಳು ಹೊಸ್ತಿಲಾಚೆಯೇ ಉಳಿದಿದ್ದರು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. 2000–01ರಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ವಾರವಾರ ಹತ್ತಿಪ್ಪತ್ತು ರೂಪಾಯಿ ಕೂಡಿಟ್ಟು, ಒಬ್ಬಳ ಸಾಲಕ್ಕೆ ಗುಂಪೆಲ್ಲ ಹೊಣೆ ನಿಲ್ಲುವ ಈ ಹೆಣ್ಣುಮಕ್ಕಳ ಕಂತಿನಲ್ಲಿ ನಡೆಯುತ್ತಿರುವುದು 1905ರ ತತ್ವವೇ. ಗಂಡಸರ ಸಂಘಗಳು ಬಿಟ್ಟುಕೊಟ್ಟ ಪರಸ್ಪರ ಹೊಣೆಯನ್ನು ಹೊಲವಿಲ್ಲದ ಹೆಂಗಸರು ಎತ್ತಿಕೊಂಡರು. 120 ವರ್ಷಗಳ ಈ ಚರಿತ್ರೆಯಲ್ಲಿ ಕಲಿಯಬೇಕಾದ ದೊಡ್ಡ ಪಾಠ ಇದು.

ಇಂದು, ಮುಂದೆ (2011–2025)

2011ರ 97ನೆಯ ಸಂವಿಧಾನ ತಿದ್ದುಪಡಿ ಸಹಕಾರ ಸಂಘ ಕಟ್ಟುವುದನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. 2021ರಲ್ಲಿ ಕೇಂದ್ರದಲ್ಲಿ ಪ್ರತ್ಯೇಕ ಸಹಕಾರ ಸಚಿವಾಲಯ ಬಂತು. ಮರುವರ್ಷ ದೇಶದ 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ದೊರೆಯಿತು. ನಮ್ಮ ರಾಜ್ಯದಲ್ಲಿ ಸಂಘದ ಮೂಲಕ ಸಿಗುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಒಂದು ಪೈಸೆ ಬಡ್ಡಿಯಿಂದ ಶೂನ್ಯ ಬಡ್ಡಿಯವರೆಗೆ ಬಂದ ಈ ದಾರಿ ಹೆಮ್ಮೆಯದು.

ಆದರೆ ಬಡ್ಡಿಯಿಲ್ಲದ ಸಾಲ ಸರಕಾರದ ಬೊಕ್ಕಸದಿಂದ ಬರುವ ಸೌಲಭ್ಯ. ಬೊಕ್ಕಸ ಬತ್ತಿದರೆ ಸೌಲಭ್ಯವೂ ಬತ್ತುತ್ತದೆ. ಬತ್ತದೆ ಉಳಿಯುವುದು ಸದಸ್ಯರ ಠೇವಣಿ, ಅವರ ಹಾಜರಿ, ಅವರ ಕಣ್ಗಾವಲು. ಕಣಗಿನಹಾಳದ ಹಿರಿಯರ ಕೈಯಲ್ಲಿ ಇದ್ದದ್ದು ಇವೇ.

ಆದ್ದರಿಂದ ಈ ಸಂಚಿಕೆಯನ್ನು ಓದುವ ಯುವ ಸದಸ್ಯರಲ್ಲಿ ಕೆಲವು ಬಿನ್ನಹ. ಸಾಲ ಬೇಕಾದಾಗ ಮಾತ್ರ ಸೊಸೈಟಿಯ ಮೆಟ್ಟಿಲು ಹತ್ತಬೇಡಿ. ಸುಗ್ಗಿಯ ಹಣದಲ್ಲಿ ಒಂದಿಷ್ಟನ್ನು ಅಲ್ಲಿ ಠೇವಣಿ ಇಡಿ. ವಾರ್ಷಿಕ ಮಹಾಸಭೆಯ ನೋಟಿಸು ಬಂದಾಗ ಅಢಾವೆ ಪತ್ರಿಕೆಯನ್ನು ಓದಿ, ಅರ್ಥವಾಗದ್ದನ್ನು ಸಭೆಯಲ್ಲೇ ಕೇಳಿ. ನಿಮ್ಮ ಮನೆಯ ಹೆಣ್ಣುಮಕ್ಕಳನ್ನೂ ಹೊಲ ಗುತ್ತಿಗೆಗೆ ಮಾಡುವ ನೆರೆಯವರನ್ನೂ ಸದಸ್ಯರನ್ನಾಗಿ ಮಾಡಿಸಿ. ಸಂಘವನ್ನು 1905ರಲ್ಲಿ ಕಟ್ಟಿದವರು ಊರಿನವರು. ಉಳಿಸಬೇಕಾದವರೂ ಊರಿನವರೇ.